ಕಚ್ಚಾ ತೈಲಕ್ಕೆ ದಾರಿ ಬಿಟ್ಟ ದಿನಗಳು

ಹಡಗು ತುಂಬಿದೆಯೋ ಖಾಲಿಯೋ ಅಂತ ದೂರದಿಂದಲೇ ಹೇಳುವುದನ್ನು ನನಗೆ ಕಲಿಸಿದವರು ಅಪ್ಪ. ಅವರು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟುವ ಕೆಲಸದಲ್ಲಿದ್ದರು. ಹಡಗಿನ ಮೂತಿಯ ಹತ್ತಿರ ಸಾಲಾಗಿ ಅಂಕಿಗಳನ್ನು ಬರೆದಿರುತ್ತಾರೆ. ನೀರು ಯಾವ ಅಂಕಿಯನ್ನು ಮುಟ್ಟಿದೆಯೋ ಅಷ್ಟು ಮೀಟರ್ ಹಡಗು ಮುಳುಗಿದೆ ಎಂದು ಲೆಕ್ಕ. ಕುದುರೆಮುಖದ ಅದಿರು ತುಂಬಿಕೊಂಡ ಹಡಗು ತಗ್ಗಿಕೊಂಡು ಹೊರಗೆ ಹೋಗುತ್ತಿತ್ತು. ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ (ರಿಫೈನರಿ) ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತಂದ ಹಡಗು ತಗ್ಗಿಕೊಂಡು ಬಂದು, ಎತ್ತರವಾಗಿ ವಾಪಸ್ ಹೋಗುತ್ತಿತ್ತು.

2013ರಲ್ಲಿ ಕೆಲಸಕ್ಕೆಂದು ಟೆಕ್ಸಸ್‌ನ ಹ್ಯೂಸ್ಟನ್‌ಗೆ ಬಂದಾಗ ಇಲ್ಲೂ ಅದನ್ನೇ ಕಂಡೆ. ಕಚ್ಚಾ ತೈಲದ ಹಡಗುಗಳು ತುಂಬಿ ಬರುತ್ತಿದ್ದವು, ಖಾಲಿ ಹೋಗುತ್ತಿದ್ದವು. ವಿಚಿತ್ರ ಅಲ್ವಾ? ಟೆಕ್ಸಸ್ ಅಂದರೆ ಎಣ್ಣೆಯ ನೆಲ. ಆ ಹೊತ್ತಿಗೆ ಶೇಲ್ ಬಂಡೆಯನ್ನು ಒಡೆದು ತೈಲ ತೆಗೆಯುವ ಕೆಲಸ ಜೋರಾಗಿತ್ತು. 2008ರಲ್ಲಿ ಇಡೀ ಅಮೆರಿಕ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ತೆಗೆಯುತ್ತಿತ್ತು. 2015ಕ್ಕೆ ಅದು 94 ಲಕ್ಷವಾಯಿತು. ಆದರೂ ಅದನ್ನು ಹೊರದೇಶಕ್ಕೆ ಮಾರುವ ಹಾಗಿರಲಿಲ್ಲ.

ನಾನು ಸೇರಿದ್ದು ಸಣ್ಣ ಬಾವಿಗಳವರಿಂದ ತೈಲ ಕೊಂಡು ರಿಫೈನರಿಗಳಿಗೆ ಮಾರುವ ಒಂದು ಕಂಪನಿಗೆ. ರಫ್ತಿನ ಕಾಗದಪತ್ರ ನನ್ನ ಕೆಲಸ. ಫೋನಿನಲ್ಲಿ ಅಪ್ಪನಿಗೆ ವಿವರಿಸಿದಾಗ ಅವರಿಗೆ ಅರ್ಥವೇ ಆಗಲಿಲ್ಲ. "ನಿಮ್ಮಲ್ಲಿ ಎಣ್ಣೆ ಉಂಟು, ಕೊಳ್ಳುವವರೂ ಇದ್ದಾರೆ. ಮತ್ತೆ ಮಾರ್ಲಿಕ್ಕೆ ಎಂತ ತೊಂದರೆ ಮಗಳೇ?" ಅಂದರು.

ತೊಂದರೆ ಶುರುವಾಗಿದ್ದು 1973ರಲ್ಲಿ. ಇಸ್ರೇಲ್ ಜೊತೆ ನಿಂತ ಅಮೆರಿಕಕ್ಕೆ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುಗಟ್ಟಲೆ ಸಾಲು. ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ಆಗ ಹನ್ನೆರಡು ವರ್ಷ. ತಮ್ಮ ಅಪ್ಪನ ಜೊತೆ ಬೆಳಗಿನ ಜಾವ ಕಾರಿನಲ್ಲಿ ಕುಳಿತು ಕಾದಿದ್ದನ್ನು ಅವರು ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಆ ಭಯದಲ್ಲೇ ಒಂದು ದೊಡ್ಡ ಕಾನೂನು ಬಂತು. 1975ರ ಡಿಸೆಂಬರ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸಹಿ ಹಾಕಿದರು. ಆಪತ್ಕಾಲಕ್ಕೆಂದು ಉಪ್ಪಿನ ಗುಹೆಗಳಲ್ಲಿ ತೈಲ ಕೂಡಿಡುವ ಯೋಜನೆ ಆ ಕಾನೂನಿನಿಂದಲೇ ಬಂತು. ಕಾರುಗಳು ಇಷ್ಟು ಮೈಲೇಜ್ ಕೊಡಲೇಬೇಕು ಎಂಬ ನಿಯಮವೂ ಅದರಲ್ಲೇ ಇತ್ತು. ಕಚ್ಚಾ ತೈಲದ ರಫ್ತಿಗೆ ತಡೆಯೂ ಅದರದ್ದೇ ಒಂದು ಭಾಗ.

ಆ ಕಾಲಕ್ಕೆ ಅದು ತಪ್ಪು ಅಂತ ನಾನು ಹೇಳಲಾರೆ. ಆಗ ದೇಶದೊಳಗಿನ ತೈಲದ ಬೆಲೆಗೆ ಸರ್ಕಾರದ ಹಿಡಿತವಿತ್ತು. ಒಳಗೆ ಅಗ್ಗ, ಹೊರಗೆ ದುಬಾರಿ. ಬಾಗಿಲು ತೆರೆದಿದ್ದರೆ ಎಣ್ಣೆಯೆಲ್ಲ ಹೊರಗೆ ಹರಿದುಹೋಗುತ್ತಿತ್ತು. ಆದರೆ 1981ರಲ್ಲೇ ಬೆಲೆಯ ಹಿಡಿತ ಹೋಯಿತು. ತಡೆ ಮಾತ್ರ ಉಳಿಯಿತು. ಕಾರಣ ಹೋದ ಮೇಲೂ ಮೂವತ್ತನಾಲ್ಕು ವರ್ಷ ಉಳಿಯಿತು. ಬಾವಿಗಳಲ್ಲಿ ಉತ್ಪಾದನೆ ಇಳಿಯುತ್ತಲೇ ಇದ್ದುದರಿಂದ ಅದು ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಶೇಲ್ ತೈಲ ಉಕ್ಕಿದ ಮೇಲೆ ಕಾಡತೊಡಗಿತು.

ಪೂರ್ತಿ ಬಂದ್ ಅಂತಲೂ ಇರಲಿಲ್ಲ. ವಾಣಿಜ್ಯ ಇಲಾಖೆಯ ಲೈಸೆನ್ಸ್ ತೆಗೆದುಕೊಂಡರೆ ಕೆನಡಾಕ್ಕೆ ಕಳಿಸಬಹುದಿತ್ತು. ಆದರೆ ಆ ತೈಲ ಕೆನಡಾದಲ್ಲೇ ಬಳಕೆಯಾಗಬೇಕು. ಅಲಾಸ್ಕಾದ ತೈಲಕ್ಕೆ, ಒಂದು ಮಿತಿಯವರೆಗೆ ಕ್ಯಾಲಿಫೋರ್ನಿಯಾದ ಗಟ್ಟಿ ತೈಲಕ್ಕೆ ಬೇರೆ ವಿನಾಯಿತಿಗಳಿದ್ದವು. ನನ್ನ ಮೇಜಿಗೆ ಬರುತ್ತಿದ್ದದ್ದು ಕೆನಡಾದ ಅರ್ಜಿಗಳು.

ಮೊದಲ ಅರ್ಜಿಯಲ್ಲೇ ನಾನು ಎಡವಿದೆ. ಆನ್‌ಲೈನ್ ಫಾರ್ಮ್ ತುಂಬಿ, ಎಷ್ಟು ಬ್ಯಾರೆಲ್, ಎಷ್ಟು ಡಾಲರ್, ಯಾವ ರಿಫೈನರಿ, ಎಲ್ಲ ಬರೆದು ಕಳಿಸಿದ್ದೆ. ಕೊಳ್ಳುವವರು ಕೊಟ್ಟ ಪತ್ರವನ್ನು ಸರಿಯಾಗಿ ಓದದೆ ಲಗತ್ತಿಸಿದ್ದೆ. ಅದರಲ್ಲಿ 'ನಮ್ಮ ಅಗತ್ಯಕ್ಕೆ' ಎಂದಿತ್ತೇ ಹೊರತು 'ಕೆನಡಾದಲ್ಲೇ ಬಳಸುತ್ತೇವೆ' ಎಂಬ ಮಾತು ಇರಲಿಲ್ಲ. ಅರ್ಜಿ ಹಾಗೆಯೇ ವಾಪಸ್ ಬಂತು. ಹೊಸ ಪತ್ರ ತರಿಸಿ ಮತ್ತೆ ಹಾಕುವಷ್ಟರಲ್ಲಿ ಗೊತ್ತುಮಾಡಿದ್ದ ಹಡಗು ಕೈತಪ್ಪಿತ್ತು. ಅಂದಿನಿಂದ ಲಗತ್ತುಗಳನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು. ಈಗಲೂ ಹಾಗೇ ಓದುತ್ತೇನೆ.

ಆ ದಿನಗಳಲ್ಲಿ ನನಗೆ ತುಂಬಾ ಬೇಜಾರು ತರಿಸಿದ ಸಂಗತಿ ಇನ್ನೊಂದಿದೆ. ಟೆಕ್ಸಸ್‌ನಿಂದ ಅಮೆರಿಕದ್ದೇ ಪೂರ್ವ ಕರಾವಳಿಯ ರಿಫೈನರಿಗೆ ಹಡಗಿನಲ್ಲಿ ತೈಲ ಕಳಿಸಲು ಬ್ಯಾರೆಲ್‌ಗೆ 5–6 ಡಾಲರ್ ಬೀಳುತ್ತಿತ್ತು. ಅದನ್ನೂ ದಾಟಿ ಕೆನಡಾಕ್ಕೆ ಕಳಿಸಿದರೆ 2 ಡಾಲರ್. ಇದಕ್ಕೆ ಕಾರಣ 1920ರ ಜೋನ್ಸ್ ಆ್ಯಕ್ಟ್. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಹೋಗಬೇಕಾದರೆ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕದ ಬಾವುಟದ್ದಾಗಿರಬೇಕು, ಸಿಬ್ಬಂದಿಯೂ ಅಲ್ಲಿಯವರೇ ಆಗಿರಬೇಕು. ಅಂಥ ಹಡಗುಗಳು ಕಡಿಮೆ, ಬಾಡಿಗೆ ಜಾಸ್ತಿ. ಹಾಗಾಗಿ ನಮ್ಮ ತೈಲ ಪಕ್ಕದ ದೇಶಕ್ಕೆ ಹೋಗುತ್ತಿತ್ತು. ಪೂರ್ವ ಕರಾವಳಿಯ ರಿಫೈನರಿಗಳು ಆಫ್ರಿಕಾದಿಂದ ತರಿಸಿಕೊಳ್ಳುತ್ತಿದ್ದವು.

ಇನ್ನೊಂದು ತೊಡಕು ತೈಲದ ಗುಣದ್ದು. ಶೇಲ್‌ನಿಂದ ಬರುವುದು ಹಗುರ, ಗಂಧಕ ಕಡಿಮೆ ಇರುವ ತೈಲ. ಗಲ್ಫ್ ಕರಾವಳಿಯ ದೊಡ್ಡ ರಿಫೈನರಿಗಳು ಕೋಟ್ಯಂತರ ಡಾಲರ್ ಸುರಿದು ಸಜ್ಜಾಗಿದ್ದು ಮೆಕ್ಸಿಕೊ, ವೆನೆಜುವೆಲಾದ ಗಟ್ಟಿ ತೈಲಕ್ಕೆ. ಹಗುರ ತೈಲವನ್ನು ಅವು ಒಂದು ಮಟ್ಟದವರೆಗೆ ಮಾತ್ರ ಕೊಳ್ಳುತ್ತಿದ್ದವು, ಅದೂ ಬೆಲೆ ಇಳಿಸಿ. 2011ರಲ್ಲಿ ಅಮೆರಿಕದ ತೈಲ ಬೆಲೆಗೆ ಅಳತೆಗೋಲಾದ ಡಬ್ಲ್ಯುಟಿಐ ತೈಲ, ಜಗತ್ತಿನ ಮಾರುಕಟ್ಟೆಗೆ ಅಳತೆಗೋಲಾದ ಬ್ರೆಂಟ್ ತೈಲಕ್ಕಿಂತ 25 ಡಾಲರ್‌ಗೂ ಹೆಚ್ಚು ಅಗ್ಗವಾಗಿದ್ದ ದಿನಗಳಿದ್ದವು. ಬಾವಿಯವನಿಗೆ ಸಿಗಬೇಕಾದ ಹಣ ರಿಫೈನರಿಗೆ ಸಿಗುತ್ತಿತ್ತು. ಪೆಟ್ರೋಲ್ ಹಾಕಿಸುವವನಿಗೂ ಲಾಭವಿರಲಿಲ್ಲ. ಯಾಕೆಂದರೆ ಪೆಟ್ರೋಲ್, ಡೀಸೆಲ್ ರಫ್ತಿಗೆ ತಡೆಯೇ ಇರಲಿಲ್ಲ! ಅವುಗಳ ಬೆಲೆ ಜಗತ್ತಿನ ಮಾರುಕಟ್ಟೆಯ ಜೊತೆಗೇ ಏರಿಳಿಯುತ್ತಿತ್ತು. ತಡೆ ತೆಗೆದರೆ ಪೆಟ್ರೋಲ್ ಬೆಲೆ ಇದ್ದ ಹಾಗೇ ಇರುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ ಎಂದು ಸರ್ಕಾರದ್ದೇ ಇಂಧನ ಮಾಹಿತಿ ಸಂಸ್ಥೆ ಇಐಎ 2015ರಲ್ಲಿ ವರದಿ ಕೊಟ್ಟಿತು. ಅದನ್ನು ಓದಿದ ದಿನ ನನ್ನ ಮನಸ್ಸಿನಲ್ಲಿದ್ದ ಅನುಮಾನ ಹೋಯಿತು. ಈ ತಡೆ ಹೋಗಬೇಕು ಅನ್ನಿಸಿತು.

ಅದಕ್ಕೂ ಮೊದಲು, 2014ರ ಬೇಸಿಗೆಯಲ್ಲಿ, ಒಂದು ಕಿಂಡಿ ತೆರೆದಿತ್ತು. ತಡೆ ಇದ್ದದ್ದು ಕಚ್ಚಾ ತೈಲಕ್ಕೆ ಮಾತ್ರ. ಹಾಗಾದರೆ ಕಚ್ಚಾ ತೈಲ ಅಂದರೆ ಯಾವುದು? ನಿಯಮದ ಪ್ರಕಾರ, ನೆಲದಡಿಯಲ್ಲಿ ದ್ರವವಾಗಿದ್ದು, ಮೇಲೆ ಬಂದ ಮೇಲೂ ದ್ರವವಾಗಿಯೇ ಉಳಿದು, ಡಿಸ್ಟಿಲೇಷನ್ ಟವರ್ (ಕಾಯಿಸಿ ಬೇರೆ ಬೇರೆ ಭಾಗ ಮಾಡುವ ಗೋಪುರ) ಮೂಲಕ ಹಾದುಹೋಗದೆ ಇರುವ ಮಿಶ್ರಣ. ಆ ಕೊನೆಯ ಮಾತಿನ ಮೇಲೆ ಎಲ್ಲರೂ ಕಣ್ಣಿಟ್ಟಿದ್ದರು. ಬಾವಿಯಲ್ಲಿ ಸಿಗುವ ತೀರಾ ಹಗುರವಾದ ತೈಲಕ್ಕೆ ಕಂಡೆನ್ಸೇಟ್ ಅನ್ನುತ್ತಾರೆ. ಅದನ್ನು ಕಾಯಿಸಿ, ಅದರೊಳಗಿನ ಅನಿಲವನ್ನು ಬೇರ್ಪಡಿಸುವ ಒಂದು ಗೋಪುರ ಇರುತ್ತದೆ. ಅದನ್ನೇ ಡಿಸ್ಟಿಲೇಷನ್ ಅಂತ ಒಪ್ಪಿದರೆ ಹೊರಬರುವ ಸರಕು ಕಚ್ಚಾ ತೈಲ ಆಗುವುದಿಲ್ಲ. ರಫ್ತು ಮಾಡಬಹುದು. ಪಯೊನೀರ್ ಮತ್ತು ಎಂಟರ್‌ಪ್ರೈಸ್ ಎಂಬ ಎರಡು ಕಂಪನಿಗಳಿಗೆ ವಾಣಿಜ್ಯ ಇಲಾಖೆ ಹಾಗೆಂದು ಒಪ್ಪಿಗೆ ಕೊಟ್ಟಿದೆ ಎಂಬ ಸುದ್ದಿ ಜೂನ್‌ನಲ್ಲಿ ಹೊರಬಿತ್ತು. ಜುಲೈ ಕೊನೆಗೆ ಬಿಡಬ್ಲ್ಯು ಜಾಂಬೆಸಿ ಎಂಬ ಹಡಗು ಸುಮಾರು 4 ಲಕ್ಷ ಬ್ಯಾರೆಲ್ ತುಂಬಿಕೊಂಡು ದಕ್ಷಿಣ ಕೊರಿಯಾಕ್ಕೆ ಹೊರಟಿತು.

ನಮ್ಮ ಆಫೀಸಿನಲ್ಲಿ ಅವತ್ತು ಯಾರೂ ಊಟಕ್ಕೆ ಏಳಲಿಲ್ಲ. ನಾವೂ ಅಂಥದ್ದೇ ಒಂದು ಅರ್ಜಿ ಸಿದ್ಧ ಮಾಡಲು ಕುಳಿತೆವು. ನಾನು ಬಾವಿಯ ಹತ್ತಿರದ ಆ ಘಟಕಕ್ಕೆ ಎರಡು ಸಲ ಹೋಗಿ ಬಂದೆ. ಗೋಪುರದೊಳಗೆ ಎಷ್ಟು ತಟ್ಟೆಗಳಿವೆ, ಎಷ್ಟು ಬಿಸಿಗೆ ಕಾಯುತ್ತದೆ, ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಗುಣದಲ್ಲಿ ಏನು ವ್ಯತ್ಯಾಸ, ಎಲ್ಲ ಬರೆದುಕೊಂಡೆ. ಅಲ್ಲಿನ ಇಂಜಿನಿಯರ್ ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವರು. "ಇದನ್ನು ಇಷ್ಟು ವರ್ಷ ನಾವು ಯಾರೂ ರಿಫೈನರಿ ಅಂತ ಕರೆದಿಲ್ಲ" ಎಂದರು. ಅವರ ಮಾತು ನನ್ನನ್ನು ಬಹಳ ದಿನ ಕಾಡಿತು. ನಾವು ಸುಳ್ಳು ಬರೆಯುತ್ತಿರಲಿಲ್ಲ. ಆದರೂ ಒಂದು ಹಳೆಯ ಪದದ ಅರ್ಥವನ್ನು ಎಳೆದು ಎಳೆದು ದಾರಿ ಮಾಡಿಕೊಳ್ಳುವುದು ನನಗೆ ಹಿಡಿಸಲಿಲ್ಲ. ಕಾನೂನು ಬೇಡ ಅಂದರೆ ಕಾನೂನನ್ನೇ ಬದಲಿಸಬೇಕು. ಡಿಸೆಂಬರ್ 30ರಂದು ಇಲಾಖೆ ಎಲ್ಲರಿಗೂ ಅನ್ವಯಿಸುವ ಸ್ಪಷ್ಟನೆ ಪ್ರಕಟಿಸಿತು. ಯಾವ ರೀತಿ ಸಂಸ್ಕರಿಸಿದರೆ ಸಾಕು ಎಂಬುದು ಅದರಿಂದ ಗೊತ್ತಾಯಿತು.

ಅಷ್ಟರಲ್ಲಿ ಬೆಲೆ ಕುಸಿಯತೊಡಗಿತ್ತು. 2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದ ಬ್ಯಾರೆಲ್ 2015ರ ಡಿಸೆಂಬರಿಗೆ 35ರ ಆಸುಪಾಸಿಗೆ ಬಂತು. ದೇಶದಲ್ಲಿ 1,600ರಷ್ಟಿದ್ದ, ತೈಲದ ಬಾವಿ ಕೊರೆಯುವ ರಿಗ್‌ಗಳು ಒಂದೊಂದಾಗಿ ನಿಂತವು. ನಮ್ಮ ಮಹಡಿಯಲ್ಲೇ ಹನ್ನೊಂದು ಕುರ್ಚಿ ಖಾಲಿಯಾದವು. ಅದರಲ್ಲಿ ಒಬ್ಬಳು ನನಗೆ ಈ ಊರಿನಲ್ಲಿ ಕಾರು ಓಡಿಸಲು ಕಲಿಸಿದವಳು.

ವಾಷಿಂಗ್ಟನ್‌ನಲ್ಲಿ ಮಾತ್ರ ವಿಷಯ ಮುಂದೆ ಹೋಗುತ್ತಿತ್ತು. ಅಲಾಸ್ಕಾದ ಸೆನೆಟರ್ ಲೀಸಾ ಮರ್ಕೌಸ್ಕಿ, ನಾರ್ತ್ ಡಕೋಟಾದ ಹೈಡಿ ಹೈಟ್‌ಕ್ಯಾಂಪ್, ನಮ್ಮ ಟೆಕ್ಸಸ್‌ನ ಕೆಳಮನೆ ಸದಸ್ಯ ಜೋ ಬಾರ್ಟನ್ ಇದರ ಹಿಂದೆ ಬಿದ್ದಿದ್ದರು. 2015ರ ಅಕ್ಟೋಬರ್ 9ರಂದು ಕೆಳಮನೆಯಲ್ಲಿ 261–159 ಮತಗಳಿಂದ ಮಸೂದೆ ಪಾಸಾಯಿತು. ಅಧ್ಯಕ್ಷ ಒಬಾಮಾ ಅವರ ಸರ್ಕಾರ ಅದಕ್ಕೆ ವಿರುದ್ಧವಿತ್ತು. ಹಾಗಾಗಿ ನಾವು ಆಸೆ ಬಿಟ್ಟಿದ್ದೆವು. ಆದರೆ ಡಿಸೆಂಬರಿನಲ್ಲಿ ಸರ್ಕಾರದ ಖರ್ಚಿನ ದೊಡ್ಡ ಮಸೂದೆ ಬಂದಾಗ ಎರಡೂ ಪಕ್ಷಗಳು ಕೊಡುಕೊಳ್ಳುವ ಮಾತಿಗೆ ಕುಳಿತವು. ಗಾಳಿ ಮತ್ತು ಸೌರ ವಿದ್ಯುತ್ತಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯನ್ನು ಮುಂದುವರಿಸಿದರು. ಅದಕ್ಕೆ ಬದಲಾಗಿ ಕಚ್ಚಾ ತೈಲದ ತಡೆ ತೆಗೆದರು. ಈ ಒಪ್ಪಂದ ನನಗೆ ನಿಜಕ್ಕೂ ಖುಷಿ ಕೊಟ್ಟಿತು. ತೈಲದ ಅನ್ನ ತಿನ್ನುವ ನನಗೂ ಗಾಳಿಯಂತ್ರಗಳು ಬೇಕು. ಪಶ್ಚಿಮ ಟೆಕ್ಸಸ್‌ಗೆ ಹೋದರೆ ಬಾವಿಗಳ ಪಕ್ಕದಲ್ಲೇ ಅವು ಸಾಲಾಗಿ ನಿಂತಿವೆ.

ಡಿಸೆಂಬರ್ 18, ಶುಕ್ರವಾರ. ಕೆಳಮನೆಯಲ್ಲಿ 316–113, ಸೆನೆಟ್‌ನಲ್ಲಿ 65–33. ಅದೇ ದಿನ ಒಬಾಮಾ ಸಹಿ ಹಾಕಿದರು. ಎರಡು ಸಾವಿರ ಪುಟದ ಆ ಮಸೂದೆಯಲ್ಲಿ ನಮಗೆ ಬೇಕಾಗಿದ್ದ ಭಾಗ ಎರಡು ಮೂರು ಪುಟ ಅಷ್ಟೇ. ನಾನು ಅದನ್ನು ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿದೆ. ಕಚ್ಚಾ ತೈಲದ ರಫ್ತಿಗೆ ಸರ್ಕಾರದ ಯಾವ ಅಧಿಕಾರಿಯೂ ತಡೆ ಹಾಕುವಂತಿಲ್ಲ ಎಂದು ಅದರಲ್ಲಿತ್ತು. ತುರ್ತು ಪರಿಸ್ಥಿತಿ ಘೋಷಿಸಿದರೆ ಅಧ್ಯಕ್ಷರು ಒಂದು ವರ್ಷದವರೆಗೆ ತಡೆಯಬಹುದು ಎಂಬ ವಿನಾಯಿತಿಯೂ ಇತ್ತು. ಕೆನಡಾದ ಅರ್ಜಿಗಳ ಕಡತ ನನ್ನ ಮೇಜಿನ ಮೇಲೇ ಇತ್ತು. ಮುಂದಿನ ವಾರಕ್ಕೆಂದು ತುಂಬಿಟ್ಟಿದ್ದ ಒಂದು ಫಾರ್ಮ್ ಇನ್ನು ಬೇಕಿರಲಿಲ್ಲ.

ವರ್ಷದ ಕೊನೆಯ ದಿನ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ಬಂದರಿನಿಂದ ಥಿಯೋ ಟಿ ಎಂಬ ಹಡಗು ಯುರೋಪಿಗೆ ಹೊರಟಿತು. ಕೊನೋಕೊಫಿಲಿಪ್ಸ್ ಕಂಪನಿಯ ಈಗಲ್ ಫೋರ್ಡ್ ಎಂಬ ಶೇಲ್ ಪ್ರದೇಶದ ತೈಲ, ಕೊಂಡವರು ತೈಲ ವ್ಯಾಪಾರದ ಕಂಪನಿ ವಿಟೋಲ್. ನಮ್ಮದು ಅದಲ್ಲ. ನಮ್ಮ ಮೊದಲ ಹಡಗಿಗೆ ಮಾರ್ಚ್‌ವರೆಗೆ ಕಾಯಬೇಕಾಯಿತು. ಬಾಗಿಲು ತೆರೆದ ಕೂಡಲೇ ತೈಲ ಧಾರೆಯಾಗಿ ಹೊರಗೆ ಹೋಗುತ್ತದೆ ಅಂತ ಜನ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಆ ಹೊತ್ತಿಗೆ ಬ್ರೆಂಟ್‌ಗೂ ಡಬ್ಲ್ಯುಟಿಐಗೂ ಬೆಲೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಡಗಿನ ಬಾಡಿಗೆ ಕೊಟ್ಟರೆ ಉಳಿಯುವುದೇನು? ಫೆಬ್ರವರಿಯಲ್ಲಿ ಬೆಲೆ 26 ಡಾಲರ್‌ಗೆ ಇಳಿಯಿತು. ನಾವು ದಿನಾ ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದೆವು, ದಿನಾ ಬೇಡ ಅನ್ನುತ್ತಿದ್ದೆವು.

ಕೊನೆಗೂ ಯುರೋಪಿನ ಒಬ್ಬ ಖರೀದಿದಾರ ಸಿಕ್ಕಿದರು. 5 ಲಕ್ಷ ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಲೆಕ್ಕ ಹಾಕಿ ನೋಡಿ, ಸುಮಾರು 8 ಕೋಟಿ ಲೀಟರ್. ಲೈಸೆನ್ಸ್ ಹೋಗಿದ್ದರೂ ಕಾಗದ ಹೋಗಿರಲಿಲ್ಲ. ಕೊಳ್ಳುವವರು, ಬ್ಯಾಂಕ್, ಹಡಗು, ಹಡಗಿನ ಮಾಲೀಕ, ಇವರಲ್ಲಿ ಯಾರ ಹೆಸರಾದರೂ ನಿರ್ಬಂಧದ ಪಟ್ಟಿಯಲ್ಲಿದೆಯಾ ಎಂದು ನೋಡಬೇಕು. ರಫ್ತಿನ ವಿವರವನ್ನು ಕಸ್ಟಮ್ಸ್‌ನ ವ್ಯವಸ್ಥೆಗೆ ಹಾಕಿ, ಎಕ್ಸ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಪಡೆಯಬೇಕು. ಆ ನಂಬರ್ ಪರದೆಯ ಮೇಲೆ ಬಂದಾಗ ನನ್ನ ಕೈ ಬೆವತಿತ್ತು. ತಲುಪುವ ದೇಶ ಎಂಬಲ್ಲಿ ಕೆನಡಾ ಬಿಟ್ಟು ಬೇರೆ ಹೆಸರನ್ನು ನಾನು ಮೊದಲ ಸಲ ತುಂಬಿದ್ದೆ.

ಹಡಗು ಬರುವ ದಿನ ದಟ್ಟ ಮಂಜು. ಚಳಿಗಾಲ ಮುಗಿಯುವ ಹೊತ್ತಿಗೆ ಈ ಕರಾವಳಿಯಲ್ಲಿ ಸಮುದ್ರದ ಮಂಜು ಕವಿಯುತ್ತದೆ. ಪೈಲಟ್‌ಗಳು ಹಡಗು ನಡೆಸುವುದನ್ನು ನಿಲ್ಲಿಸುತ್ತಾರೆ. ನಮ್ಮ ಹಡಗು ಎರಡು ದಿನ ಹೊರಗೆ ಲಂಗರು ಹಾಕಿತು. ಕಾಯುವ ಹಡಗಿಗೆ ಕೊಡಬೇಕಾದ ದಂಡಕ್ಕೆ ಡೆಮರೇಜ್ ಅನ್ನುತ್ತಾರೆ. ಅದು ಯಾರ ತಲೆಗೆ ಎಂಬ ಪತ್ರಗಳೇ ನಲವತ್ತು ಆದವು.

ಮಂಜು ಸರಿದ ಮೇಲೆ ನಾನೂ ಟರ್ಮಿನಲ್‌ಗೆ ಹೋದೆ. ತೈಲದ ಅಳತೆ ಎಷ್ಟು ಸೂಕ್ಷ್ಮ ಅಂತ ಅವತ್ತು ಕಣ್ಣಾರೆ ಕಂಡೆ. ಬಿಸಿಯಾದರೆ ತೈಲ ಹಿಗ್ಗುತ್ತದೆ. ಹಗುರ ತೈಲ ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಶೇಕಡ 1ರ ಹತ್ತಿರ ಹಿಗ್ಗುತ್ತದೆ. 5 ಲಕ್ಷ ಬ್ಯಾರೆಲ್‌ನಲ್ಲಿ ಅದು ಸಾವಿರಾರು ಬ್ಯಾರೆಲ್. ಅದಕ್ಕೇ ಎಲ್ಲ ಅಳತೆಯನ್ನೂ 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಲೆಕ್ಕ ಮಾಡುತ್ತಾರೆ. ಎರಡೂ ಕಡೆಗೆ ಸೇರದ ಇನ್‌ಸ್ಪೆಕ್ಟರ್ ಒಬ್ಬರು ದಡದ ಟ್ಯಾಂಕ್ ಅಳೆದರು, ಹಡಗಿನ ಟ್ಯಾಂಕ್ ಅಳೆದರು, ತೈಲದಲ್ಲಿ ನೀರು, ಮಣ್ಣು ಎಷ್ಟಿದೆ ಎಂದು ನೋಡಿದರು. ಮಾದರಿಯನ್ನು ಬಾಟಲಿಗಳಲ್ಲಿ ತುಂಬಿ ಸೀಲ್ ಮಾಡಿದರು. ಚಹಾದ ಡಿಕಾಕ್ಷನ್‌ನಂತೆ ತೆಳ್ಳಗಿತ್ತು ಆ ತೈಲ. ಪಣಂಬೂರಿನಲ್ಲಿ ಅಪ್ಪ ಹೇಳುತ್ತಿದ್ದ ಟಾರಿನಂಥ ಎಣ್ಣೆಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು.

ಸರಕು ಹಡಗಿಗೆ ತುಂಬಿದ್ದಕ್ಕೆ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ಗೆ ಸಹಿ ಬಿದ್ದಾಗ ರಾತ್ರಿ ಮೂರು ಗಂಟೆ. ಮನೆಗೆ ಹೋಗದೆ ಕಾರಿನಲ್ಲೇ ಮಲಗಿದೆ. ಬೆಳಿಗ್ಗೆ ಪೋರ್ಟ್ ಅರಾನ್ಸಾಸ್ ಎಂಬ ಊರಿಗೆ ಹೋಗಿ ನಿಂತೆ. ಕಾರ್ಪಸ್ ಕ್ರಿಸ್ಟಿಯಿಂದ ಸಮುದ್ರಕ್ಕೆ ಹೋಗುವ ಪ್ರತಿ ಹಡಗೂ ಆ ಊರಿನ ಮುಂದೆಯೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹಾದು ಹೋಗಬೇಕು. ನಮ್ಮ ಹಡಗು ಬಂತು. ತಗ್ಗಿಕೊಂಡು ಹೊರಗೆ ಹೋಗುತ್ತಿತ್ತು. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಹನ್ನೆರಡು ಮೀಟರ್ ಕಾಣ್ತದೆ. ತುಂಬಿದೆ."

ಆಮೇಲಿನ ಕಥೆ ಬೇಗ ಬೇಗ ನಡೆಯಿತು. 2016ರಲ್ಲಿ ದಿನಕ್ಕೆ 5 ಲಕ್ಷ ಬ್ಯಾರೆಲ್ ದಾಟಿದ ರಫ್ತು, 2017ರಲ್ಲಿ 11 ಲಕ್ಷ, 2018ರಲ್ಲಿ 20 ಲಕ್ಷ, 2019ರಲ್ಲಿ ಸುಮಾರು 30 ಲಕ್ಷವಾಯಿತು. 2017ರ ಅಕ್ಟೋಬರ್ 2ರಂದು ಇಂಡಿಯನ್ ಆಯಿಲ್ ಕೊಂಡ 16 ಲಕ್ಷ ಬ್ಯಾರೆಲ್ ಅಮೆರಿಕದ ತೈಲ ಒಡಿಶಾದ ಪಾರಾದೀಪ ತಲುಪಿತು. ತಡೆ ಹೋದ ಮೇಲೆ ಭಾರತಕ್ಕೆ ಬಂದ ಮೊದಲ ಸರಕು ಅದು. ಅಪ್ಪ ಆ ಸುದ್ದಿಯ ಪತ್ರಿಕೆ ತುಣುಕನ್ನು ಕತ್ತರಿಸಿ ಇಟ್ಟಿದ್ದರು.

2019ರ ಕೊನೆಗೆ ಅಪ್ಪ, ಅಮ್ಮ ಇಲ್ಲಿಗೆ ಬಂದರು. ಆ ವರ್ಷವೇ ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ತೈಲ ಪ್ರದೇಶದಿಂದ ಕಾರ್ಪಸ್ ಕ್ರಿಸ್ಟಿಗೆ ಮೂರು ದೊಡ್ಡ ಪೈಪ್‌ಲೈನ್‌ಗಳು ಶುರುವಾಗಿದ್ದವು. ಅಪ್ಪನನ್ನು ಬಂದರಿನ ಹತ್ತಿರದ ಇಂಗಲ್‌ಸೈಡ್ ಎಂಬ ಊರಿನ ಕಡೆ ಕರೆದುಕೊಂಡು ಹೋದೆ. ನಾನು ಮೊದಲು ನೋಡಿದಾಗ ಖಾಲಿ ಬಯಲಿದ್ದ ಕಡೆ ಬಿಳಿ ಟ್ಯಾಂಕ್‌ಗಳು ಸಾಲುಗಟ್ಟಿದ್ದವು. ಅವುಗಳ ಆಚೆ ಮನೆಗಳು. ಅಂಗಳದಲ್ಲಿ ಬಟ್ಟೆ ಒಣಗುತ್ತಿತ್ತು. ಅಪ್ಪ ಬಹಳ ಹೊತ್ತು ಸುಮ್ನೆ ನೋಡಿದರು. ನವಮಂಗಳೂರು ಬಂದರಿಗೆಂದು ಪಣಂಬೂರಿನಿಂದ ಎಬ್ಬಿಸಿ, ಕಾಟಿಪಳ್ಳದಲ್ಲಿ ಜಾಗ ಕೊಟ್ಟ ಕುಟುಂಬಗಳಲ್ಲಿ ನಮ್ಮದೂ ಒಂದು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಆ ಬಂದರು ಉದ್ಘಾಟಿಸಿದಾಗ ಅಪ್ಪ ಜನರ ನಡುವೆ ನಿಂತಿದ್ದರಂತೆ.

"ಇಲ್ಲಿಯವರನ್ನೂ ಎಬ್ಬಿಸಿದ್ರಾ?" ಎಂದು ಕೇಳಿದರು.

ಎಬ್ಬಿಸಿಲ್ಲ ಅಪ್ಪ ಅಂದೆ. ಆದರೆ ವಾಸನೆ ಬರುತ್ತದೆ, ರಾತ್ರಿಯಿಡೀ ದೀಪ ಉರಿಯುತ್ತದೆ, ಬೇಡ ಅಂತ ಸಭೆಗಳಿಗೆ ಹೋಗಿ ಮಾತಾಡುವವರಿದ್ದಾರೆ ಅಂದೆ. ಅಂಥ ಒಂದು ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ತಡೆ ತೆಗೆದದ್ದು ಸರಿ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ಆ ಎರಡು ಮೂರು ಪುಟಗಳಲ್ಲಿ ಈ ಮನೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದಾಗಲೂ ಅದು ನನಗೆ ಹೊಳೆದಿರಲಿಲ್ಲ.

"ಆ ಸಭೆಯಲ್ಲಿ ನೀನು ಎಂತ ಹೇಳಿದ್ದು?" ಅಪ್ಪ ಕೇಳಿದರು.

ಏನೂ ಹೇಳಿರಲಿಲ್ಲ. ಹಾಗೇ ಅಂದೆ. ಅಪ್ಪ ತಲೆಯಾಡಿಸಿ ಮತ್ತೆ ಆ ಮನೆಗಳ ಕಡೆ ತಿರುಗಿದರು. ಅಷ್ಟರಲ್ಲಿ ಖಾಲಿ ಹಡಗೊಂದು ಎತ್ತರವಾಗಿ ಒಳಗೆ ಬರುತ್ತಿತ್ತು.